ಕಪ್ಪು-ಬಿಳುಪು ಛಾಯಾಗ್ರಹಣದಲ್ಲಿ ಅಂತರಂಗ: ನ್ಯೂಯಾರ್ಕ್–ನ್ಯೂಜೆರ್ಸಿ ಪರಂಪರೆ

ಕ್ಯಾಮೆರಾ ತನ್ನ ಮುಂದಿರುವುದನ್ನಷ್ಟೇ ಹಿಡಿಯುತ್ತದೆ. ಅದರ ಹಿಂದೆ ನಿಂತವರ ದುಗುಡ, ಹಂಬಲ, ಅಂಜಿಕೆ, ನೆನಪುಗಳು ಚಿತ್ರದೊಳಕ್ಕೆ ಬರುವುದು ಹೇಗೆ? ಈ ಪ್ರಶ್ನೆಯನ್ನು ಜೀವಮಾನದ ಕೆಲಸವಾಗಿ ಕೈಗೆತ್ತಿಕೊಂಡ ಛಾಯಾಗ್ರಾಹಕರ ದೊಡ್ಡ ಸಾಲೊಂದು ಹಡ್ಸನ್ ನದಿಯ ಎರಡು ದಡಗಳಲ್ಲಿ, ಅಂದರೆ ನ್ಯೂಯಾರ್ಕ್ ನಗರದಲ್ಲೂ ಎದುರು ದಡದ ನ್ಯೂಜೆರ್ಸಿಯಲ್ಲೂ, ಬೆಳೆದು ಬಂತು. ಅವರಲ್ಲಿ ಬಹುತೇಕರ ಮಾಧ್ಯಮ ಕಪ್ಪು-ಬಿಳುಪು. ಬಣ್ಣದ ಫಿಲ್ಮು ಸುಲಭವಾಗಿ ಸಿಗತೊಡಗಿದ ಮೇಲೂ ಇವರು ಅದನ್ನು ಬಿಡಲಿಲ್ಲ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ವಿಲಿಯಂ ಎಗಲ್‌ಸ್ಟನ್‌ರ ಬಣ್ಣದ ಚಿತ್ರಗಳ ಪ್ರದರ್ಶನ ನಡೆಸಿದ 1976ರಲ್ಲಿ ಅದೊಂದು ವಿವಾದವೇ ಆಯಿತು. ಗಂಭೀರ ಛಾಯಾಚಿತ್ರವೆಂದರೆ ಕಪ್ಪು-ಬಿಳುಪು ಎಂಬ ನಂಬಿಕೆ ಅಲ್ಲಿ ಅಷ್ಟು ಆಳಕ್ಕೆ ಇಳಿದಿತ್ತು.

ಈ ಪ್ರದೇಶಕ್ಕೆ ಅನುಕೂಲಗಳೂ ಇದ್ದವು. ಫಿಲ್ಮು ತಯಾರಿಸುವ ಕೊಡಾಕ್ ಕಂಪನಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿತ್ತು. ಫ್ರಾಯ್ಡ್‌ರನ್ನು ಇಂಗ್ಲಿಷಿಗೆ ತಂದ ಎ.ಎ. ಬ್ರಿಲ್ 1911ರಲ್ಲೇ ನ್ಯೂಯಾರ್ಕಿನಲ್ಲಿ ಮನೋವಿಶ್ಲೇಷಣೆಯ ಸಂಘ ಕಟ್ಟಿದ್ದರಿಂದ ಕಲಾವಿದರ ಮಾತಿನಲ್ಲಿ ಸುಪ್ತಮನಸ್ಸು, ಕನಸು, ದಮನ ಎಂಬ ಪದಗಳು ಬೇಗನೆ ಓಡಾಡತೊಡಗಿದವು. ಯುರೋಪಿನಿಂದ ಓಡಿಬಂದವರು, ದಕ್ಷಿಣದ ರಾಜ್ಯಗಳಿಂದ ಬಂದ ಕರಿಯ ಕುಟುಂಬಗಳು, ಮನೆಯವರಿಂದ ದೂರವಾಗಿ ಬಂದ ಸಲಿಂಗಪ್ರೇಮಿಗಳು ಎಲ್ಲರೂ ಈ ಊರಿನಲ್ಲಿ ಸೇರಿದ್ದರು. ‘ನಾನು ಯಾರು’ ಎಂಬುದು ಇಲ್ಲಿ ಬರಿಯ ತತ್ತ್ವದ ಪ್ರಶ್ನೆಯಾಗಿರಲಿಲ್ಲ.

ಬಣ್ಣ ತೆಗೆದಾಗ ಉಳಿಯುವುದು

ಕಪ್ಪು-ಬಿಳುಪು ದುಃಖದ ಮಾಧ್ಯಮ ಎಂಬ ಮಾತು ಬಳಕೆಯಲ್ಲಿದೆ. ಅದು ಸರಿಯಲ್ಲ. ಅದರ ನಿಜವಾದ ಗುಣ, ಛಾಯಾಗ್ರಾಹಕನಿಗೆ ಅದು ಬಿಟ್ಟುಕೊಡುವ ತೀರ್ಮಾನಗಳ ಸಂಖ್ಯೆ. ಬಣ್ಣದ ಚಿತ್ರದಲ್ಲಿ ಕೆಂಪು ಹೂವು ಕೆಂಪಾಗಿಯೇ ಬರಬೇಕು. ಕಪ್ಪು-ಬಿಳುಪಿನಲ್ಲಿ ಅದೇ ಹೂವು ಫಿಲ್ಮಿಗೂ ಫಿಲ್ಟರಿಗೂ ತಕ್ಕಂತೆ ಕಡುಗಪ್ಪಾಗಬಹುದು, ತಿಳಿಬೂದಿಯೂ ಆಗಬಹುದು. ಯಾವುದು ಬೇಕೆಂದು ಯಾರಾದರೂ ನಿರ್ಧರಿಸಲೇಬೇಕು.

ಆ ನಿರ್ಧಾರಗಳ ಜಾಗ ಡಾರ್ಕ್‌ರೂಮು. ಎನ್‌ಲಾರ್ಜರ್‌ನಲ್ಲಿ ನೆಗೆಟಿವ್ ಇಟ್ಟು ಬೆಳಕು ಬಿಟ್ಟ ಕಾಗದ ಮೊದಲು ಖಾಲಿಯಾಗಿಯೇ ಕಾಣುತ್ತದೆ. ಮಂದ ಕೆಂಪು ದೀಪದ ಕೆಳಗೆ ಅದನ್ನು ಡೆವಲಪರ್ ತಟ್ಟೆಯಲ್ಲಿ ಮುಳುಗಿಸಿ ಅಲುಗಿಸಿದಾಗ ಕಪ್ಪು ಭಾಗಗಳು ಮೊದಲು ಮೂಡಿ, ಮುಖದಂಥ ತಿಳಿಭಾಗಗಳು ಆಮೇಲೆ ಬರುತ್ತವೆ. ನಂತರ ಸ್ಟಾಪ್ ಬಾತ್, ಹೈಪೋ, ನೀರು. ಬೆಳಕು ಬೀಳುವಾಗ ಕೈ ಅಡ್ಡ ಹಿಡಿದರೆ ಆ ಭಾಗ ತಿಳಿಯಾಗುತ್ತದೆ, ಹೆಚ್ಚು ಹೊತ್ತು ಬೆಳಕು ಕೊಟ್ಟರೆ ಕಪ್ಪಾಗುತ್ತದೆ. ಛಾಯಾಗ್ರಾಹಕ ಡಬ್ಲ್ಯು. ಯೂಜೀನ್ ಸ್ಮಿತ್ ಇಷ್ಟಕ್ಕೆ ತೃಪ್ತರಾಗದೆ, ತಯಾರಾದ ಪ್ರಿಂಟಿನ ಮೇಲೆ ಪೊಟ್ಯಾಸಿಯಂ ಫೆರಿಸಯನೈಡ್ ದ್ರಾವಣವನ್ನು ಸವರಿ ಕಣ್ಣಿನ ಬಿಳಿ, ಕೆನ್ನೆಯ ಅಂಚುಗಳನ್ನು ಬೆಳಗಿಸುತ್ತಿದ್ದರು. ಒಂದೇ ನೆಗೆಟಿವ್‌ನಿಂದ ಇಬ್ಬರು ತೆಗೆದ ಪ್ರಿಂಟುಗಳು ಎರಡು ಬೇರೆ ಮನಃಸ್ಥಿತಿಗಳನ್ನು ಹೇಳುವುದು ಇದರಿಂದಲೇ ಸಾಧ್ಯ.

ಮೋಡಗಳು: ಆಲ್‌ಫ್ರೆಡ್ ಸ್ಟಿಗ್ಲಿಟ್ಸ್

ಈ ಪರಂಪರೆಯ ಮೊದಲ ಹೆಸರು ಆಲ್‌ಫ್ರೆಡ್ ಸ್ಟಿಗ್ಲಿಟ್ಸ್ (1864–1946). ಹುಟ್ಟಿದ್ದು ನ್ಯೂಜೆರ್ಸಿಯ ಹೊಬೋಕನ್ ಪಟ್ಟಣದಲ್ಲಿ, ಜರ್ಮನಿಯಿಂದ ವಲಸೆ ಬಂದ ಯಹೂದಿ ಮನೆತನದಲ್ಲಿ. ಬರ್ಲಿನ್‌ನಲ್ಲಿ ಹರ್ಮನ್ ವಿಲ್‌ಹೆಲ್ಮ್ ಫೋಗೆಲ್ ಅವರ ಬಳಿ ಛಾಯಾಗ್ರಹಣದ ರಸಾಯನ ಕಲಿತು 1890ರಲ್ಲಿ ನ್ಯೂಯಾರ್ಕಿಗೆ ಮರಳಿದರು. 1902ರಲ್ಲಿ ‘ಫೋಟೊ-ಸೆಸೆಷನ್’ ಬಳಗ, 1903ರಿಂದ 1917ರವರೆಗೆ ‘ಕ್ಯಾಮೆರಾ ವರ್ಕ್’ ಪತ್ರಿಕೆ, 1905ರಿಂದ ಫಿಫ್ತ್ ಅವೆನ್ಯೂವಿನ 291ನೇ ಸಂಖ್ಯೆಯ ಪುಟ್ಟ ಗ್ಯಾಲರಿ: ಛಾಯಾಗ್ರಹಣವನ್ನು ಕಲೆಯೆಂದು ಒಪ್ಪಿಸಲು ಅವರು ಪಟ್ಟ ಪಾಡಿನ ಗುರುತುಗಳಿವು. ಕಲೆಯಲ್ಲಿನ ಅಂತರಂಗದ ಒತ್ತಡದ ಬಗ್ಗೆ ಕಾಂಡಿನ್‌ಸ್ಕಿ ಬರೆದ ಪುಸ್ತಕದ ಭಾಗವೊಂದನ್ನು 1912ರಲ್ಲಿಯೇ ಅವರು ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿದ್ದರು.

ಅವರ ಮುಖ್ಯ ಪ್ರಯೋಗ ನಡೆದದ್ದು ಬಹಳ ತಡವಾಗಿ, ಐವತ್ತೆಂಟನೇ ವಯಸ್ಸಿನಲ್ಲಿ. ಸ್ಟಿಗ್ಲಿಟ್ಸ್ ತೆಗೆದ ಭಾವಚಿತ್ರಗಳ ಶಕ್ತಿ ಎದುರಿಗೆ ಕೂತವರ ಮೇಲೆ ಅವರು ನಡೆಸುವ ವಶೀಕರಣದಿಂದ ಬಂದದ್ದು ಎಂಬರ್ಥದ ಮಾತನ್ನು 1922ರಲ್ಲಿ ಲೇಖಕ ವಾಲ್ಡೊ ಫ್ರಾಂಕ್ ಆಡಿದರು. ಅದು ಸ್ಟಿಗ್ಲಿಟ್ಸ್‌ರನ್ನು ಕೆಣಕಿತು. ಆ ಬೇಸಿಗೆ ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್ ದಂಡೆಯ ಮನೆಯಲ್ಲಿ ಅವರ ತಾಯಿ ಸಾವಿನ ಹಾಸಿಗೆಯಲ್ಲಿದ್ದರು, ಕುಟುಂಬದ ಆಸ್ತಿ ಕರಗುತ್ತಿತ್ತು. ಯಾರೂ ವಶೀಕರಣ ಮಾಡಲಾಗದ, ಎಲ್ಲರಿಗೂ ಪುಕ್ಕಟೆ ಸಿಗುವ ವಸ್ತುವೊಂದನ್ನು ಅವರು ಆರಿಸಿಕೊಂಡರು: ಮೋಡ. ಮೊದಲ ಹತ್ತು ಚಿತ್ರಗಳಿಗೆ ‘ಮ್ಯೂಸಿಕ್’ ಎಂದು ಹೆಸರಿಟ್ಟರು. 1925ರಿಂದ ಮೋಡದ ಚಿತ್ರಗಳನ್ನೆಲ್ಲ ‘ಈಕ್ವಿವಲೆಂಟ್ಸ್’ ಎಂದು ಕರೆದರು. ಮುಂದಿನ ಹತ್ತು ವರ್ಷಗಳಲ್ಲಿ ಇವು ಇನ್ನೂರನ್ನು ದಾಟಿದವು.

ಇವು ಬಹುಪಾಲು ಅಂಗೈಯಗಲದ ಪ್ರಿಂಟುಗಳು. ನೆಲವಿಲ್ಲ, ದಿಗಂತವಿಲ್ಲ, ಕೆಲವೊಮ್ಮೆ ಮಾತ್ರ ಮರದ ತುದಿಯೊಂದು ಕಾಣಬಹುದು. ಕಪ್ಪು ಆಕಾಶದಲ್ಲಿ ಬೂದುಬಣ್ಣದ ಎಳೆಗಳು, ಎಲ್ಲೋ ಸೂರ್ಯನ ಬಿಳಿಯ ಬೊಟ್ಟು. ಚಿತ್ರದ ಮೇಲ್ಭಾಗ ಯಾವುದೆಂದು ಖಚಿತವಾಗದಂತೆ ಅವರೇ ಕೆಲವನ್ನು ತಿರುಗಿಸಿ ತೂಗುಹಾಕುತ್ತಿದ್ದರು. ಹಳೆಯ ಫಿಲ್ಮುಗಳಿಗೆ ನೀಲಿಯೂ ಬಿಳಿಯೂ ಒಂದೇ ಆಗಿ ಕಾಣುತ್ತಿದ್ದುದರಿಂದ ಆಕಾಶ ಬರಿಯ ಬಿಳಿ ಹಾಳೆಯಾಗುತ್ತಿತ್ತು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮು ಬಂದ ಮೇಲೆಯೇ ನೀಲಿ ಆಕಾಶವನ್ನು ಕಪ್ಪಾಗಿಸಿ ಮೋಡವನ್ನು ಬಿಡಿಸಿ ತೋರಿಸುವುದು ಸಾಧ್ಯವಾಯಿತು. ಬಣ್ಣದ ರಸಾಯನ ಬೆರೆಸಿ ಛಾಯಾಫಲಕದ ಸಂವೇದನೆ ಹಿಗ್ಗಿಸಬಹುದೆಂದು 1873ರಲ್ಲಿ ಕಂಡುಹಿಡಿದವರು ಗುರು ಫೋಗೆಲ್. ಶಿಷ್ಯನ ಅಂತರಂಗ ತೆರೆದುಕೊಳ್ಳಲು ಗುರುವಿನ ರಸಾಯನ ಬೇಕಾಗಿತ್ತು.

ತನ್ನ ಭಾವಕ್ಕೆ ಸಮನಾದ ಆಕಾರವೊಂದು ಹೊರಗೆ ಸಿಕ್ಕರೆ, ನೋಡುವವರಲ್ಲಿಯೂ ಭಾವ ಏಳುತ್ತದೆ ಎಂಬುದು ಸ್ಟಿಗ್ಲಿಟ್ಸ್ ಮಂಡಿಸಿದ ವಿಚಾರ. ಭಾವವನ್ನು ಹೆಸರಿಟ್ಟು ಹೇಳಿದರೆ ರಸ ಹುಟ್ಟದು, ವಿಭಾವದ ಮೂಲಕವೇ ಅದು ತಲುಪಬೇಕು ಎಂಬ ನಮ್ಮ ಕಾವ್ಯಮೀಮಾಂಸೆ ಬಲ್ಲವರಿಗೆ ಇದು ತೀರ ಹೊಸದೆನಿಸದು. ‘ದಿ ಡಾನ್ಸ್ ಆಫ್ ಶಿವ’ ಬರೆದ ಆನಂದ ಕುಮಾರಸ್ವಾಮಿ ಈ ಚಿತ್ರಗಳ ಬೆಲೆಯನ್ನು ಬೇಗ ಗುರುತಿಸಿದವರಲ್ಲಿ ಒಬ್ಬರು ಎಂಬುದು ಆಕಸ್ಮಿಕವಲ್ಲ ಎನಿಸುತ್ತದೆ. ಬಾಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿ ಅಧಿಕಾರಿಯಾಗಿದ್ದ ಅವರ ಒತ್ತಾಸೆಯಿಂದ 1924ರಲ್ಲಿ ಸ್ಟಿಗ್ಲಿಟ್ಸ್‌ರ 27 ಚಿತ್ರಗಳು ಆ ಸಂಗ್ರಹಕ್ಕೆ ಸೇರಿದವು. ಅಮೆರಿಕದ ದೊಡ್ಡ ವಸ್ತುಸಂಗ್ರಹಾಲಯವೊಂದು ಛಾಯಾಚಿತ್ರವನ್ನು ಕಲಾಕೃತಿಯೆಂದು ಬರಮಾಡಿಕೊಂಡ ಮೊದಮೊದಲ ಸಂದರ್ಭಗಳಲ್ಲಿ ಇದು ಒಂದು.

ಗೋಡೆ, ಕಿಟಕಿ, ನಡುಮನೆ

ಸ್ಟಿಗ್ಲಿಟ್ಸ್‌ರ ಕೊನೆಯ ವರ್ಷವಾದ 1946ರಲ್ಲಿ ಅವರನ್ನು ಕಾಣಲು ಬಂದವರಲ್ಲಿ ಮೈನರ್ ವೈಟ್ (1908–1976) ಒಬ್ಬರು. ಯುದ್ಧದಿಂದ ಮರಳಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮೇಯರ್ ಶಪೀರೊ ಅವರ ಬಳಿ ಕಲಾಚರಿತ್ರೆ ಓದುತ್ತಿದ್ದ ವೈಟ್‌ಗೆ ತಾವು ಚಿತ್ರ ತೆಗೆಯಬಲ್ಲೆವೇ ಎಂಬ ಅನುಮಾನ. ನೀನು ಯಾರನ್ನಾದರೂ ಪ್ರೀತಿಸಿದ್ದೀಯಾ ಎಂದು ಹಿರಿಯರು ಕೇಳಿದರಂತೆ, ಹೌದೆಂದಾಗ ಹಾಗಾದರೆ ತೆಗೆಯಬಲ್ಲೆ ಎಂದರಂತೆ. ತಮ್ಮ ಸಲಿಂಗಪ್ರೇಮವನ್ನು ಬಚ್ಚಿಡಲೇಬೇಕಾಗಿದ್ದ ಕಾಲದಲ್ಲಿ ವೈಟ್ ಅದನ್ನು ಬಂಡೆ, ಹಿಮ, ಸಿಪ್ಪೆ ಎದ್ದ ಬಣ್ಣಗಳ ಸರಣಿಚಿತ್ರಗಳಲ್ಲಿ ಹೇಳಿಕೊಂಡರು. 1952ರಲ್ಲಿ ಅವರೂ ಗೆಳೆಯರೂ ಕೂಡಿ ಆರಂಭಿಸಿದ ‘ಅಪರ್ಚರ್’ ಪತ್ರಿಕೆ ಇಂದಿಗೂ ನಡೆಯುತ್ತಿದೆ.

ನ್ಯೂಯಾರ್ಕಿನಲ್ಲಿ ಹುಟ್ಟಿದ ಏರನ್ ಸಿಸ್ಕಿಂಡ್ (1903–1991) ಬಂದ ದಾರಿ ಬೇರೆ. 1930ರ ದಶಕದಲ್ಲಿ ‘ಫೋಟೊ ಲೀಗ್’ ಎಂಬ ಎಡಪಂಥೀಯ ಸಂಘಟನೆಯಲ್ಲಿದ್ದು ಹಾರ್ಲೆಮ್ ಬಡಾವಣೆಯ ಬದುಕನ್ನು ದಾಖಲಿಸಿದವರು, 1940ರ ದಶಕದಲ್ಲಿ ಒಮ್ಮೆಲೇ ಹರಿದ ಪೋಸ್ಟರು, ಡಾಂಬರಿನ ಕಲೆ, ಬಿರುಕುಬಿಟ್ಟ ಗೋಡೆಗಳ ಕಡೆ ತಿರುಗಿದರು. ಹಳೆಯ ಸಂಗಾತಿಗಳಿಗೆ ಇದು ದ್ರೋಹವೆನಿಸಿತು. ಫ್ರಾಂಜ್ ಕ್ಲೈನ್‌ರಂಥ ಅಮೂರ್ತ ಚಿತ್ರಕಾರರು ಮಾತ್ರ ಅವರನ್ನು ತಮ್ಮವರೆಂದು ಕಂಡರು.

ದಾಖಲೆಯನ್ನೂ ಅಂತರಂಗವನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದವರೆಂದರೆ ರಾಯ್ ಡಿಕರಾವ (1919–2009). ಹಾರ್ಲೆಮ್‌ನಲ್ಲಿ ಹುಟ್ಟಿ ಅಲ್ಲಿಯೇ ಬೆಳೆದ ಇವರು 1952ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಪಡೆದ ಮೊದಲ ಕರಿಯ ಛಾಯಾಗ್ರಾಹಕ. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಜೊತೆ 1955ರಲ್ಲಿ ‘ದಿ ಸ್ವೀಟ್ ಫ್ಲೈಪೇಪರ್ ಆಫ್ ಲೈಫ್’ ಪುಸ್ತಕ ತಂದರು. ಅವರ ‘ಹಾಲ್‌ವೇ’ (1953) ಎಂಬ ಚಿತ್ರದಲ್ಲಿರುವುದು ಬಾಡಿಗೆ ಕಟ್ಟಡವೊಂದರ ಇಕ್ಕಟ್ಟಾದ ನಡುಹಾದಿ, ದೂರದಲ್ಲಿ ಸಣ್ಣ ದೀಪದ ಮಸುಕು, ಎರಡೂ ಕಡೆ ಒತ್ತಿ ಬರುವ ಗೋಡೆಗಳು. ಬಾಲ್ಯದಲ್ಲಿ ಹೆದರಿಸುತ್ತಿದ್ದ ಅಂಥ ಹಾದಿಗಳ ನೆನಪು ಅದರಲ್ಲಿದೆಯೆಂದು ಅವರೇ ಹೇಳಿಕೊಂಡಿದ್ದಾರೆ. ಇವರ ಪ್ರಿಂಟುಗಳಲ್ಲಿ ಬಿಳಿ ಎಂಬುದು ಅಪರೂಪ. ಕಪ್ಪಿನೊಳಗೆ ಕಪ್ಪಿನ ಹತ್ತಾರು ಮೆಟ್ಟಿಲುಗಳಿವೆ, ಕಣ್ಣು ಹೊಂದಿಕೊಂಡಂತೆಲ್ಲ ಕತ್ತಲಿನೊಳಗಿಂದ ಮುಖಗಳು ಬರುತ್ತವೆ. ಕಪ್ಪು ಚರ್ಮವನ್ನು ‘ಸರಿಯಾಗಿ’ ತೋರಿಸಲು ಬೆಳಕು ಹೆಚ್ಚಿಸಬೇಕೆಂಬ ಸ್ಟುಡಿಯೋ ರೂಢಿಗೆ ಅವರು ಕೊಟ್ಟ ಉತ್ತರ ಅದು. ಈ ಲೇಖನದಲ್ಲಿ ಬರುವ ಎಲ್ಲರಲ್ಲಿ, ಕಪ್ಪು-ಬಿಳುಪು ಮಾಧ್ಯಮವನ್ನು ಅದರ ಕೊನೆಯ ಅಂಚಿಗೆ ಒಯ್ದವರು ಡಿಕರಾವ ಎಂದು ಹೇಳಬೇಕು. ಅಚ್ಚಿನಲ್ಲಿ ಈ ಕಪ್ಪುಗಳು ಕಲಸಿಹೋಗುವುದರಿಂದ ಅವರ ಕೆಲಸ ದೂರದ ಓದುಗರಿಗೆ ಸರಿಯಾಗಿ ತಲುಪಿಲ್ಲ.

ಯೂಜೀನ್ ಸ್ಮಿತ್ 1957ರಲ್ಲಿ ಕುಟುಂಬ ಬಿಟ್ಟು ಮ್ಯಾನ್‌ಹಟನ್‌ನ ಸಿಕ್ಸ್ತ್ ಅವೆನ್ಯೂವಿನ 821ನೇ ಸಂಖ್ಯೆಯ ಹಳೇ ಕಟ್ಟಡ ಸೇರಿದರು. ‘ಲೈಫ್’ ಪತ್ರಿಕೆ ಬಿಟ್ಟಾಗಿತ್ತು, ಪಿಟ್ಸ್‌ಬರ್ಗ್ ನಗರದ ಮೇಲಿನ ಮಹಾಯೋಜನೆ ಮುಗಿಯದೆ ನಿಂತಿತ್ತು, ಮದ್ಯ ಮತ್ತು ಮಾತ್ರೆಗಳ ಹಿಡಿತ ಬಿಗಿಯಾಗಿತ್ತು. ಜಾಸ್ ಸಂಗೀತಗಾರರು ರಾತ್ರಿಯಿಡೀ ನುಡಿಸುತ್ತಿದ್ದ ಆ ಮನೆಯಲ್ಲಿ 1965ರವರೆಗೆ ಅವರು ತೆಗೆದ ಚಿತ್ರಗಳು ಸುಮಾರು 40,000. ಇವುಗಳಲ್ಲಿ ಬಹಳಷ್ಟು ಕಿಟಕಿಯಿಂದ ಕೆಳಗಿನ ಬೀದಿಯನ್ನು ನೋಡಿದವು: ಹಿಮದಲ್ಲಿ ನಡೆಯುವ ಒಂಟಿ ಮನುಷ್ಯ, ನಿಂತ ಕಾರು, ಮಳೆ.

ಡಯಾನ್ ಆರ್ಬಸ್

ಡಯಾನ್ ಆರ್ಬಸ್ (1923–1971) ಹೆಸರು ಬಂದಲ್ಲಿ ಮನಸ್ಸಿನ ಮಾತೂ ಬರುತ್ತದೆ, ಹಲವು ಸಲ ತಪ್ಪಾಗಿ ಬರುತ್ತದೆ. ಫಿಫ್ತ್ ಅವೆನ್ಯೂವಿನಲ್ಲಿ ತುಪ್ಪುಳಂಗಿ ಮಾರುತ್ತಿದ್ದ ಸಿರಿವಂತ ಮನೆಯ ಮಗಳು. ಗಂಡನೊಡನೆ ಫ್ಯಾಶನ್ ಚಿತ್ರ ತೆಗೆಯುವ ಕೆಲಸ ಬಿಟ್ಟು, ನ್ಯೂ ಸ್ಕೂಲ್‌ನಲ್ಲಿ ಲಿಸೆಟ್ ಮೊಡೆಲ್ ಬಳಿ ಕಲಿತರು. ವಿಯೆನ್ನಾದಲ್ಲಿ ಹುಟ್ಟಿ 1938ರಲ್ಲಿ ನ್ಯೂಯಾರ್ಕಿಗೆ ಬಂದ ಮೊಡೆಲ್, ಚಿತ್ರ ಎಷ್ಟು ನಿರ್ದಿಷ್ಟವೋ ಅಷ್ಟು ಸಾರ್ವತ್ರಿಕ ಎಂಬುದನ್ನು ಅವರಿಗೆ ಮನಗಾಣಿಸಿದರು. 1962ರ ಹೊತ್ತಿಗೆ ಆರ್ಬಸ್ 35 ಎಂ.ಎಂ. ಕ್ಯಾಮೆರಾ ಬಿಟ್ಟು ಚೌಕಾಕಾರದ ನೆಗೆಟಿವ್ ಕೊಡುವ ಎರಡು ಲೆನ್ಸಿನ ಕ್ಯಾಮೆರಾ ಹಿಡಿದರು. ಅದನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡುವುದರಿಂದ, ತೆಗೆಯುವವರ ಮುಖವನ್ನು ಕ್ಯಾಮೆರಾ ಮರೆಮಾಡುವುದಿಲ್ಲ. ಮಾತನಾಡುತ್ತಲೇ ಚಿತ್ರ ತೆಗೆಯಬಹುದು.

ನ್ಯೂಜೆರ್ಸಿಯ ರೋಸೆಲ್‌ನಲ್ಲಿ 1966ರಲ್ಲಿ, ಅವಳಿ-ತ್ರಿವಳಿ ಮಕ್ಕಳಿಗಾಗಿ ನಡೆದ ಕ್ರಿಸ್ಮಸ್ ಕೂಟದಲ್ಲಿ ತೆಗೆದ ಅವಳಿ ಹುಡುಗಿಯರ ಚಿತ್ರವನ್ನು ಹತ್ತಿರದಿಂದ ನೋಡಬೇಕು. ಬಿಳಿ ಗೋಡೆಗೆ ಬೆನ್ನು ಮಾಡಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತಿದ್ದಾರೆ. ಒಂದೇ ಬಗೆಯ ಗಾಢ ಬಣ್ಣದ ಉಡುಪು, ಬಿಳಿಯ ಅಗಲ ಕಾಲರು, ಬಿಳಿ ತಲೆಪಟ್ಟಿ. ಮೊದಲ ನೋಟಕ್ಕೆ ಒಬ್ಬಳ ಎರಡು ಪ್ರತಿ. ನೋಡುತ್ತ ಹೋದಂತೆ ಬಲಗಡೆಯವಳ ತುಟಿಯಲ್ಲಿ ನಸುನಗು, ಎಡಗಡೆಯವಳಲ್ಲಿ ಅದಿಲ್ಲ. ಕಾಲುಚೀಲಗಳೂ ಒಂದೇ ಹಾಗೆ ಕೂತಿಲ್ಲ. ಬಣ್ಣವಿದ್ದಿದ್ದರೆ ಉಡುಪಿನ ಬಣ್ಣವೇ ಕಣ್ಣನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಅದು ಇಲ್ಲದ್ದರಿಂದ ಎರಡು ಮುಖಗಳ ನಡುವಿನ ಕೂದಲೆಳೆಯಷ್ಟು ವ್ಯತ್ಯಾಸವೇ ಚಿತ್ರದ ವಸ್ತುವಾಗುತ್ತದೆ. ಒಬ್ಬ ವ್ಯಕ್ತಿ ಇನ್ನೊಬ್ಬನಾಗಲಾರ ಎಂಬ, ಆರ್ಬಸ್‌ರನ್ನು ಕಾಡುತ್ತಿದ್ದ ವಿಚಾರ ಇಲ್ಲಿ ಯಾರ ಮುಖವನ್ನೂ ವಿರೂಪಗೊಳಿಸದೆ ಬಂದಿದೆ.

ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಜಾನ್ ಜಾರ್ಕೊವ್‌ಸ್ಕಿ 1967ರಲ್ಲಿ ನಡೆಸಿದ ‘ನ್ಯೂ ಡಾಕ್ಯುಮೆಂಟ್ಸ್’ ಪ್ರದರ್ಶನದಲ್ಲಿ ಲೀ ಫ್ರೀಡ್‌ಲ್ಯಾಂಡರ್, ಗ್ಯಾರಿ ವಿನೊಗ್ರಾಂಡ್ ಜೊತೆ ಆರ್ಬಸ್ ಹೆಸರು ಗಟ್ಟಿಯಾಯಿತು. ನಾಲ್ಕು ವರ್ಷಗಳ ಬಳಿಕ ಅವರು ತಮ್ಮ ಜೀವ ತೆಗೆದುಕೊಂಡರು. ಅಂದಿನಿಂದ ಅವರ ಚಿತ್ರಗಳನ್ನು ಆ ಸಾವಿನ ಕಡೆಯಿಂದ ಹಿಂದಕ್ಕೆ ಓದುವ ಚಾಳಿ ಬೆಳೆಯಿತು. ಸೂಸನ್ ಸಾಂಟ್ಯಾಗ್ ತಮ್ಮ ‘ಆನ್ ಫೋಟೊಗ್ರಫಿ’ (1977) ಪುಸ್ತಕದಲ್ಲಿ ಆರ್ಬಸ್‌ರನ್ನು ಕಟುವಾಗಿ ವಿಮರ್ಶಿಸಿದರು: ಪರರ ನೋವನ್ನು ದೂರದಿಂದ ನೋಡುವ ಸುಖವಂತರ ಕುತೂಹಲ ಅದೆಂಬುದು ಅವರ ಆಕ್ಷೇಪದ ತಿರುಳು. ಆ ಆಕ್ಷೇಪದ ಜೊತೆ ವಾದ ಮಾಡಬಹುದು. ಆದರೆ ಸಾವಿನಿಂದ ಹಿಂದಕ್ಕೆ ಓದುವುದರ ಜೊತೆ ವಾದವೂ ಸಾಧ್ಯವಿಲ್ಲ, ಏಕೆಂದರೆ ಅದು ಚಿತ್ರವನ್ನು ನೋಡುವುದೇ ಇಲ್ಲ. ರೋಸೆಲ್‌ನ ಚಿತ್ರದಲ್ಲಿರುವುದು ತಾಳ್ಮೆ, ಎಚ್ಚರ, ಅಂತರದ ಲೆಕ್ಕ. ಅದು ಕೆಲಸ, ರೋಗಲಕ್ಷಣವಲ್ಲ.

ತನ್ನನ್ನೇ ಎದುರಿಗಿಟ್ಟವರು

ಇದೇ ಅನ್ಯಾಯ ಫ್ರಾನ್ಸೆಸ್ಕಾ ವುಡ್‌ಮನ್‌ಗೂ (1958–1981) ಆಗಿದೆ. ರೋಡ್ ಐಲ್ಯಾಂಡ್‌ನಲ್ಲಿ ಕಲಿತು 1979ರಲ್ಲಿ ನ್ಯೂಯಾರ್ಕಿಗೆ ಬಂದ ಆಕೆ ಇಪ್ಪತ್ತೆರಡರಲ್ಲಿ ಅಲ್ಲಿಯೇ ತಮ್ಮ ಬದುಕನ್ನು ಮುಗಿಸಿಕೊಂಡರು. ಪಾಳುಬಿದ್ದ ಕೋಣೆಗಳಲ್ಲಿ ಶಟರನ್ನು ದೀರ್ಘಕಾಲ ತೆರೆದಿಟ್ಟು ತನ್ನ ದೇಹವನ್ನು ಗೋಡೆಕಾಗದದ ಹಿಂದೆ, ಬಾಗಿಲ ಮರೆಯಲ್ಲಿ ಕರಗಿಸುವ ಅವರ ಪುಟ್ಟ ಚೌಕ ಪ್ರಿಂಟುಗಳನ್ನು ‘ಮಾಯವಾಗುವ ಹಂಬಲ’ ಎಂದು ಓದುವವರು ಬಹಳ. ದೇಹ ಎಷ್ಟು ಹೊತ್ತು ನಿಂತರೆ ಎಷ್ಟು ಮಸುಕು ಬರುತ್ತದೆಂದು ಅಳೆದು ತೂಗಿ, ಒಂದೇ ಕಲ್ಪನೆಯನ್ನು ಮತ್ತೆಮತ್ತೆ ತೆಗೆದ ಶಿಸ್ತು ಆ ಓದಿನಲ್ಲಿ ಕಾಣೆಯಾಗುತ್ತದೆ. 1986ರಲ್ಲಿ ವೆಲ್ಸ್‌ಲಿ ಮತ್ತು ಹಂಟರ್ ಕಾಲೇಜುಗಳು ನಡೆಸಿದ ಪ್ರದರ್ಶನದಿಂದ ಅವರು ಲೋಕಕ್ಕೆ ತಿಳಿದುಬಂದರು.

ನ್ಯೂಜೆರ್ಸಿಯ ಗ್ಲೆನ್ ರಿಜ್‌ನಲ್ಲಿ 1954ರಲ್ಲಿ ಹುಟ್ಟಿದ ಸಿಂಡಿ ಶರ್ಮನ್ ಈ ಬಗೆಯ ಓದಿಗೆ ಮೊದಲೇ ಬೀಗ ಹಾಕಿದವರು. 1977ರಿಂದ 1980ರವರೆಗಿನ ‘ಅನ್‌ಟೈಟಲ್ಡ್ ಫಿಲ್ಮ್ ಸ್ಟಿಲ್ಸ್’ ಸರಣಿಯ ಪ್ರತಿಯೊಂದು ಚಿತ್ರದಲ್ಲಿಯೂ ಅವರೇ ಇದ್ದಾರೆ, ಆದರೂ ಯಾವುದೂ ತನ್ನ ಭಾವಚಿತ್ರವಲ್ಲ ಎನ್ನುತ್ತಾರೆ. ವಿಗ್ಗು, ಕೋಟು, ಸೂಟ್‌ಕೇಸ್ ಬದಲಾದಂತೆ ಗೃಹಿಣಿ, ಗ್ರಂಥಾಲಯದ ಹುಡುಗಿ, ಹೆದ್ದಾರಿಯಲ್ಲಿ ಕಾಯುವವಳು. 1950ರ ದಶಕದ ಸಿನಿಮಾ ಪ್ರಚಾರದ ಅಗ್ಗದ ಫೋಟೊಗಳಂತೆ ಕಾಣಲೆಂದೇ ಅವನ್ನು ಕಪ್ಪು-ಬಿಳುಪಿನಲ್ಲಿ ತೆಗೆದದ್ದು. 1995ರಲ್ಲಿ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಇಡೀ ಸರಣಿಯನ್ನು ಕೊಂಡುಕೊಂಡಿತು.

ಟ್ರೆಂಟನ್‌ನಲ್ಲಿ ಹುಟ್ಟಿದ ಪೀಟರ್ ಹೂಜರ್ (1934–1987) ಗೆಳೆಯರನ್ನು ಹಾಸಿಗೆಯ ಮೇಲೆ ಮಲಗಿಸಿ ತೆಗೆದ ಭಾವಚಿತ್ರಗಳನ್ನು ಪಲೆರ್ಮೊದ ನೆಲಮಾಳಿಗೆಯ ಒಣಗಿದ ಶವಗಳ ಚಿತ್ರಗಳ ಜೊತೆ ಜೋಡಿಸಿ 1976ರಲ್ಲಿ ‘ಪೋರ್ಟ್ರೇಟ್ಸ್ ಇನ್ ಲೈಫ್ ಆ್ಯಂಡ್ ಡೆತ್’ ಪ್ರಕಟಿಸಿದರು. ಏಡ್ಸ್ ಅವರನ್ನು ಬಲಿ ತೆಗೆದುಕೊಂಡಿತು. ಛಾಯಾಗ್ರಾಹಕ ರಾಬರ್ಟ್ ಫ್ರಾಂಕ್‌ರ ‘ದಿ ಅಮೆರಿಕನ್ಸ್’ (1958) ಪುಸ್ತಕ ತೆರೆಯುವುದೇ ಹೊಬೋಕನ್‌ನ ಇಟ್ಟಿಗೆ ಗೋಡೆಯಿಂದ: ಎರಡು ಕಿಟಕಿ, ಇಬ್ಬರು ಹೆಂಗಸರು, ಒಬ್ಬಳ ಮುಖಕ್ಕೆ ಅಡ್ಡಬಂದ ರಾಷ್ಟ್ರಧ್ವಜ. 1974ರಲ್ಲಿ ಮಗಳು ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಫ್ರಾಂಕ್ ನೆಗೆಟಿವ್‌ಗಳ ಮೇಲೆಯೇ ಗೀಚಿ ಅಕ್ಷರ ಬರೆಯತೊಡಗಿದರು, ಚಿತ್ರ ಒಂದರಿಂದಲೇ ಹೇಳಲಾಗದ ಹಂತ ಅವರಿಗೆ ಬಂದಿತ್ತು. ನೆವಾರ್ಕ್‌ನಲ್ಲಿ ಹುಟ್ಟಿದ ಕವಿ ಅಲೆನ್ ಗಿನ್ಸ್‌ಬರ್ಗ್ ಕೂಡ ತಮ್ಮ ಗೆಳೆಯರ ಕಪ್ಪು-ಬಿಳುಪು ಚಿತ್ರಗಳ ಕೆಳಗೆ ಕೈಬರಹದಲ್ಲಿ ದೀರ್ಘ ಟಿಪ್ಪಣಿ ಬರೆಯುತ್ತಿದ್ದರು. ಅದೇ ಊರಿನ ಜಾರ್ಜ್ ಟೈಸ್ ಮನುಷ್ಯರನ್ನೇ ಬಿಟ್ಟು, ‘ಪ್ಯಾಟರ್ಸನ್’ (1972) ಪುಸ್ತಕದಿಂದ ಮೊದಲುಗೊಂಡು ನ್ಯೂಜೆರ್ಸಿಯ ಪೆಟ್ರೋಲ್ ಬಂಕು, ನೀರಿನ ಟ್ಯಾಂಕು, ಖಾಲಿ ಬೀದಿಗಳಲ್ಲಿ ತಮ್ಮ ತವರಿನ ಮೇಲಿನ ಅಕ್ಕರೆಯನ್ನು ಹೇಳಿದರು.

ಚಿಕಿತ್ಸೆ ಮತ್ತು ವಾದ

ಕಲೆಯ ಮೂಲಕ ಚಿಕಿತ್ಸೆ ಎಂಬ ಶಾಖೆಯ ಪ್ರವರ್ತಕರಲ್ಲಿ ಎಣಿಸಲ್ಪಡುವ ಮಾರ್ಗರೆಟ್ ನೌಮ್‌ಬರ್ಗ್ (1890–1983) ನ್ಯೂಯಾರ್ಕಿನವರು. ಸ್ಟಿಗ್ಲಿಟ್ಸ್‌ರನ್ನು ಮೋಡಗಳ ಕಡೆ ತಳ್ಳಿದ ವಾಲ್ಡೊ ಫ್ರಾಂಕ್ ಆಗ ಅವರ ಪತಿ. ಛಾಯಾಚಿತ್ರವನ್ನೇ ಮನೋವಿಶ್ಲೇಷಣೆಗೆ ಬಳಸಿದವರಲ್ಲಿ ನ್ಯೂಯಾರ್ಕಿನ ರಾಬರ್ಟ್ ಅಕೆರೆಟ್ ಮುಖ್ಯರು. ಅವರ ‘ಫೋಟೊಅನಾಲಿಸಿಸ್’ (1973) ಕುಟುಂಬದ ಆಲ್ಬಮ್ಮಿನಲ್ಲಿ ಯಾರು ಯಾರ ಪಕ್ಕ ನಿಂತಿದ್ದಾರೆ, ಕೈ ಎಲ್ಲಿದೆ ಎಂಬುದರಿಂದ ಸಂಬಂಧಗಳನ್ನು ಓದುತ್ತದೆ. ಚಿಕಿತ್ಸಾಲಯದ ಬಳಕೆಗೂ ಕಲಾವಿದನ ಕೆಲಸಕ್ಕೂ ಇರುವ ಗೆರೆಯನ್ನು ಅಳಿಸದಿರುವುದು ಒಳ್ಳೆಯದು. ಅಲ್ಲಿ ಚಿತ್ರ ಮಾತಿಗೆ ದಾರಿ, ಇಲ್ಲಿ ಚಿತ್ರವೇ ಮಾತು.

ಜಾರ್ಕೊವ್‌ಸ್ಕಿ 1978ರ ‘ಮಿರರ್ಸ್ ಆ್ಯಂಡ್ ವಿಂಡೋಸ್’ ಪ್ರದರ್ಶನದಲ್ಲಿ ಛಾಯಾಗ್ರಾಹಕರನ್ನು ತನ್ನನ್ನು ತೋರುವ ಕನ್ನಡಿಯವರು, ಲೋಕವನ್ನು ತೋರುವ ಕಿಟಕಿಯವರು ಎಂದು ವಿಂಗಡಿಸಿದರು. ಪಾಠ ಹೇಳಲು ಈ ವಿಂಗಡಣೆ ಅನುಕೂಲ. ಆದರೆ ಆರ್ಬಸ್, ಡಿಕರಾವ ಇಬ್ಬರೂ ಅದರಲ್ಲಿ ಸರಿಯಾಗಿ ಕೂರುವುದಿಲ್ಲ.

ಇದಕ್ಕಿಂತ ಆಳದ ತಕರಾರು ಎತ್ತಿದವರು ಭಾರತೀಯರೊಬ್ಬರು. ಜೈಪುರದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿ ಅಲ್ಲಿಯೇ ತೀರಿಕೊಂಡ ರಘುವೀರ್ ಸಿಂಗ್ (1942–1999), ‘ರಿವರ್ ಆಫ್ ಕಲರ್’ ಪುಸ್ತಕದಲ್ಲಿ, ಒಂಟಿತನ ಮತ್ತು ಅಪರಾಧಪ್ರಜ್ಞೆಯಲ್ಲಿ ಬೇರೂರಿದ ಪಶ್ಚಿಮದ ಕಪ್ಪು-ಬಿಳುಪು ದೃಷ್ಟಿ ಭಾರತದ ಮನಸ್ಸಿಗೆ ಹೊಂದದು, ಭಾರತೀಯರು ಬಣ್ಣದಲ್ಲಿಯೇ ನೋಡುತ್ತಾರೆ ಎಂದು ವಾದಿಸಿದರು. ಅವರ ಬಣ್ಣದ ಚಿತ್ರಗಳು ಅದ್ಭುತ. ವಾದ ಮಾತ್ರ ಪೂರ್ತಿ ನಿಲ್ಲುವುದಿಲ್ಲ. ನ್ಯೂಯಾರ್ಕಿನ ಇಂಟರ್‌ನ್ಯಾಷನಲ್ ಸೆಂಟರ್ ಆಫ್ ಫೋಟೊಗ್ರಫಿಯಲ್ಲಿ ಕಲಿತ ದಯಾನಿತಾ ಸಿಂಗ್ ದೆಹಲಿಯ ಮೋನಾ ಅಹ್ಮದ್ ಜೊತೆಗಿನ ದೀರ್ಘ ಗೆಳೆತನವನ್ನು ಕಪ್ಪು-ಬಿಳುಪಿನಲ್ಲಿಯೇ ‘ಮೈಸೆಲ್ಫ್ ಮೋನಾ ಅಹ್ಮದ್’ (2001) ಪುಸ್ತಕವಾಗಿಸಿದರು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಕಪ್ಪು-ಬಿಳುಪಿನಲ್ಲಿ ತೆಗೆದ ಮಕ್ಕಳ ಚಿತ್ರಗಳು ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಯುನಿಸೆಫ್ ಮೂಲಕ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅವುಗಳಲ್ಲಿ ಅಪರಾಧಪ್ರಜ್ಞೆಯೂ ಇಲ್ಲ, ಒಂಟಿತನವೂ ಇಲ್ಲ. ತೆಗೆದವರ ಮನಸ್ಸು ಮಾತ್ರ ಸ್ಪಷ್ಟವಾಗಿ ಇದೆ: ಮಗುವಿನ ಎತ್ತರಕ್ಕೆ ಕುಕ್ಕರಿಸಿ ಕೂತು ನೋಡುವ ಕುಶಾಲು ಮತ್ತು ಮರ್ಯಾದೆ.

ಬೆಂಗಳೂರಿನ ಪುಷ್ಪಮಾಲಾ ಎನ್. ‘ಫ್ಯಾಂಟಮ್ ಲೇಡಿ ಆರ್ ಕಿಸ್ಮತ್’ (1996–98) ಸರಣಿಯಲ್ಲಿ ನಟಿ ನಾಡಿಯಾರ ಸಿನಿಮಾಗಳ ಮುಖವಾಡದ ಸಾಹಸಿಯಾಗಿ ವೇಷ ತೊಟ್ಟು, ಮುಂಬಯಿಯ ರಾತ್ರಿಗಳಲ್ಲಿ ಕಪ್ಪು-ಬಿಳುಪು ಚಿತ್ರಗಳಿಗೆ ತಾವೇ ಪಾತ್ರವಾದರು. ಶರ್ಮನ್‌ರ ಸರಣಿಯೊಡನೆ ಇದನ್ನು ಹೋಲಿಸುವುದು ರೂಢಿಯಾಗಿದೆ. ಶರ್ಮನ್‌ರ ಹೆಣ್ಣುಗಳು ಯಾವುದೋ ಕತೆಯ ನಡುವೆ ಒಂಟಿಯಾಗಿ ನಿಂತುಬಿಟ್ಟವರು. ಪುಷ್ಪಮಾಲಾ ಅವರ ಸರಣಿಗೆ ಕತೆಯಿದೆ, ನಾಯಕಿಗೊಬ್ಬಳು ಅವಳಿಯೂ ಇದ್ದಾಳೆ, ಇಬ್ಬರನ್ನೂ ಅವರೇ ಅಭಿನಯಿಸಿದ್ದಾರೆ.